ಬಕೆಟ್ಟಿನ ಹುತ್ತರಿ

ಈ ಸಲದ ಗದ್ದೆ ಇಷ್ಟೇ:
ಬಣ್ಣ ಬಳಿದವರು ಬಿಟ್ಟುಹೋದ ಇಪ್ಪತ್ತು ಲೀಟರಿನ ಬಕೆಟ್ಟು,
ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳು ಬೀಳದ ಮೂಲೆ.
ತೆನೆ ಎಣಿಸಿದೆ. ಹದಿಮೂರು.
ಬೆಸ ಸಂಖ್ಯೆ, ಸದ್ಯ.

ಅತ್ತೆ ಫೋನಿನಲ್ಲಿ ಕೇಳಿದರು:
ಐನ್‌ಮನೆಗೆ ಬರದೆ ಅದೆಂಥ ಹುತ್ತರಿ?
ನೆಲ್ಲಕ್ಕಿ ಎಲ್ಲಿದೆ ನಿನ್ನ ಬಾಡಿಗೆ ಮನೆಯಲ್ಲಿ?
ಫ್ರಿಜ್ಜಿನ ತಲೆ ಒರೆಸಿ ದೀಪ ಇಟ್ಟಿದ್ದೇನೆ, ಅಂದೆ.
ಡಾಕ್ಟರು ಬಸ್ಸು ಬೇಡ ಅಂದಿದ್ದಾರೆ, ತಿರುವುಗಳು ಬೇಡ,
ಹೊಲಿಗೆ ಇನ್ನೂ ಮಾಗಿಲ್ಲ, ಅಂದೆ.
ಆ ಕಡೆ ಮೌನ, ನಾಯಿ ಬೊಗಳಿದ್ದು ಮಾತ್ರ.
ಆಮೇಲೆ ಮೆಲ್ಲಗೆ:
ತಂಬುಟ್ಟಿಗೆ ಹಣ್ಣು ಸಿಪ್ಪೆ ಕಪ್ಪಾಗುವಷ್ಟು ಕಳಿತಿರಲಿ.

ಕರೆದದ್ದು ಇಬ್ಬರನ್ನು.
ಕೆಳಗಿನ ಮನೆಯ ಕದೀಸುಮ್ಮ, ನಮ್ಮ ಓನರು;
ಎದುರು ರೂಮಿನ ಸಂಗನಬಸಪ್ಪ, ಬ್ಯಾಂಕಿನ ಕ್ಯಾಷಿಯರು,
ಇಂಡಿ ತಾಲ್ಲೂಕಿನವನು,
ವಿರಾಜಪೇಟೆಯ ಚಳಿಯನ್ನು ಇನ್ನೂ ಕ್ಷಮಿಸಿಲ್ಲ.
ಪಂದಿಕರಿ ನಾಳೆಗೆ, ನನಗೂ ಮೊಣ್ಣಪ್ಪನಿಗೂ.
ಇವತ್ತು ಎಲ್ಲರ ಬಾಯಿಗೂ ಆಗುವುದಷ್ಟೆ:
ಕಡಂಬುಟ್ಟು, ಕುಂಬಳಕಾಯಿ ಕರಿ,
ಬೇಯಿಸಿದ ಹುತ್ತರಿ ಗೆಣಸು, ಕುಯ್ದರೆ ಸ್ಕೂಲಿನ ಮಸಿಯ ಬಣ್ಣ.
ಪಾಯಸಕ್ಕೆ ಅಂಗಡಿಯದೇ ಅಕ್ಕಿ,
ಹೊಸ ಕಾಳು ಉಗುರಲ್ಲಿ ಸುಲಿದು ಮೇಲೆ ಹಾಕಿದರಾಯಿತು.
ತಟ್ಟೆ ನಾಲ್ಕು,
ನಾಲ್ಕೂ ಬೇರೆ ಬೇರೆ ಮದುವೆಗಳಲ್ಲಿ ಸಿಕ್ಕಿದ್ದು.

ಕದಿರು ತೆಗೆಯುವ ಹೊತ್ತು ಎಂಟು ನಲವತ್ತು.
ಎರಡೆರಡು ಮೆಟ್ಟಿಲಿಗೊಮ್ಮೆ ನಿಂತು ತಾರಸಿ ಹತ್ತಿದೆ.
ಮಲೆತಿರಿಕೆ ಬೆಟ್ಟದ ಬೆನ್ನೆಲ್ಲ ಬೆಳದಿಂಗಳು,
ಊರ ಸುತ್ತಿನ ಗದ್ದೆಗಳಲ್ಲಿ ಕೋವಿ ಶುರುವಾಗಿತ್ತು.
ನಮ್ಮಲ್ಲಿ ಕೋವಿ ಇಲ್ಲ. ಫೋನು ಸ್ಪೀಕರಿಗೆ ಹಾಕಿದೆ.
ಶ್ರೀಮಂಗಲದಾಚೆ ಎಲ್ಲೋ ಕಡೆಯ ಟ್ರಿಪ್ಪಿನ ಬಸ್ಸು ನಿಲ್ಲಿಸಿ
ಮೊಣ್ಣಪ್ಪ ಹಾರ್ನ್ ಒತ್ತಿ ಹಿಡಿದ.
ಹಿಂದಿನ ಸೀಟುಗಳಿಂದ ಯಾರ್ಯಾರೋ:
ಪೊಲಿ ಪೊಲಿ ದೇವಾ!
ಅಡುಗೆಮನೆಯ ಕತ್ತರಿಯಲ್ಲಿ ನಾನು ಕುಯ್ದೆ.

ಬಕೆಟ್ಟಿಗೆ ಹೊದಿಸಿದ್ದ ಸೊಳ್ಳೆಪರದೆ ಮಡಚುತ್ತ
ಇನ್ನೊಮ್ಮೆ ಕೇಳಿದೆ:
ನಾನು ಮೈಸೂರಿನ ಆಸ್ಪತ್ರೆಯಲ್ಲಿದ್ದ ಇಪ್ಪತ್ತೆರಡು ದಿನ
ರಾಟವಾಳದ ಹಿಂಡಿನಿಂದ ಇದನ್ನು ಉಳಿಸಿದ್ದು ಯಾರು?
'ನಾ ಅಲ್ರೀ ಅಕ್ಕಾರ, ನಾ ನೀರಷ್ಟ ಹಾಕೀನ್ರಿ.'
ಕದೀಸುಮ್ಮ ಚಂದ್ರನ ಕಡೆ ನೋಡಿದರು:
ಗಾಳಿಗೆ ಹಾರಿ ಬಂದಿರಬೇಕು.
ಗಾಳಿಗೆ. ನಾಲ್ಕು ಕೋಲು ತಾನೇ ಊರಿಕೊಂಡು,
ನಾಲ್ಕು ಮೂಲೆಗೂ ಎರಡೆರಡು ಗಂಟು ಹಾಕಿಕೊಂಡು.

ಒಂದು ತೆನೆ ಫ್ರಿಜ್ಜಿನ ಹಿಡಿಗೆ, ಒಂದು ಎದುರು ರೂಮಿನ ಚಿಲಕಕ್ಕೆ,
ಒಂದು ಬಸ್ಸಿನ ಕನ್ನಡಿಗೆಂದು ತೆಗೆದಿಟ್ಟೆ.
ಎಲ್ಲರೂ ಕೂತ ಮೇಲೆ ಸಂಗನಬಸಪ್ಪ ಎದ್ದ,
ಒಂದು ಚಮಚ ಪಾಯಸ ಹಿಡಿದು ಮತ್ತೆ ತಾರಸಿಗೆ.
'ನಮ್ಮ ಕಡೆ ಎಳ್ಳಮಾಸಿಗಿ ಹೊಲದ ತುಂಬ ಚರಗ ಚೆಲ್ತೀವ್ರಿ.
ಇದು ಸಣ್ಣ ಹೊಲ. ಚಮಚ ಸಾಕು.'

ಥ್ಯಾಂಕ್ಸ್ ಅನ್ನಬಹುದಿತ್ತು.
ಅದು ಬಸ್ಸಿನ ಚಿಲ್ಲರೆಯ ಹಾಗೆ,
ಕೈಗೆ ಇಟ್ಟ ಕೂಡಲೇ ಲೆಕ್ಕ ಮುಗಿಯುತ್ತದೆ.
ಪೊಲಿ ಅಂದರೆ ಹೆಚ್ಚಲಿ.
ಹೆಚ್ಚಲಿ ಅಂದಮೇಲೆ ಲೆಕ್ಕ ಮುಗಿಸುವಂತಿಲ್ಲ.

ಕದೀಸುಮ್ಮ ಉಣ್ಣುವಾಗ ಎಡಗೈ ಸೆರಗಿನೊಳಗೇ ಇತ್ತು.
ಬಗ್ಗಲಾರದೆ ನಿಂತೇ ಬಡಿಸುತ್ತಿದ್ದೆ,
ನೀರಿನ ಲೋಟಕ್ಕೆ ಕೈ ಚಾಚಿದಾಗ ಕಂಡಿತು:
ಮಣಿಕಟ್ಟಿನಿಂದ ಮೊಣಕೈವರೆಗೂ
ಕೆಂಪು ಕೆಂಪು ಚುಕ್ಕಿ, ಕೆರೆದು ಕಪ್ಪಾದವು ಕೆಲವು.
ಇಷ್ಟು ರಾತ್ರಿ ಪರದೆಯಿಲ್ಲದೆ ಮಲಗಿದ ಕೈ.

ನಾನು ಏನೂ ಕೇಳಲಿಲ್ಲ.
ಆರಿದ ಪಾಯಸದ ಪಾತ್ರೆ ಎತ್ತಿಕೊಂಡೆ.
ಸಾಕು, ಸಾಕು ಮಗಳೇ, ಅಂತ
ತಟ್ಟೆಗೆ ಅಡ್ಡ ಅದೇ ಕೈ ಹಿಡಿದರು.
ಬೆರಳ ಸಂದಿಯಿಂದಲೇ ಸುರಿದೆ.